ಕುರ್ಚಿ ಖಾಲಿ ಇದ್ದ ದಿನಗಳು

ಪೋಪರು ತೀರಿಕೊಂಡ ಸುದ್ದಿ ಮನೆಗೆ ಬಂದಾಗ ದೊಡ್ಡವಳು ಅಮ್ಮನನ್ನು ಮಂಚದಿಂದ ಕುರ್ಚಿಗೆ ಸಾಗಿಸುತ್ತಿದ್ದಳು. ಅಮ್ಮನ ಎರಡೂ ಕೈ ಅವಳ ಕೊರಳಿಗೆ ಬಿದ್ದಿದ್ದವು, ಅವಳ ಎರಡೂ ಕೈ ಅಮ್ಮನ ಸೊಂಟ ಬಳಸಿದ್ದವು, ಇನ್ನೇನು ಒಂದು ಎರಡು ಮೂರು ಅಂತ ಎತ್ತಬೇಕು, ಅಷ್ಟರಲ್ಲಿ ದೊಡ್ಡವಳ ಮಗಳು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಓಡಿಬಂದಳು.

"ಅಜ್ಜೀ, ಪೋಪ್ ಹೋಗ್ಬಿಟ್ರಂತೆ!"

ಅಮ್ಮ ಶಿಲುಬೆಯ ಗುರುತು ಹಾಕಿಕೊಳ್ಳಬೇಕೆಂದು ಹಿಡಿದ ಕೊರಳನ್ನು ಬಿಟ್ಟೇಬಿಟ್ಟಳು. ಅರವತ್ತೆಂಟು ಕಿಲೋ ಭಾರ ಒಮ್ಮೆಲೇ ದೊಡ್ಡವಳ ತೋಳಿಗೆ ಬಿತ್ತು. ಕಿಬ್ಬೊಟ್ಟೆಯ ಬಲಗಡೆ ಚಳಕ್ ಅಂತು. ಹಲ್ಲು ಕಚ್ಚಿಕೊಂಡು ಅಮ್ಮನನ್ನು ಹೇಗೋ ಕುರ್ಚಿಗೆ ದಬ್ಬಿ, ಗೋಡೆ ಹಿಡಿದು ನಿಂತಳು. ಅಮ್ಮನಿಗಾಗಲಿ ಮಗಳಿಗಾಗಲಿ ಅದು ಕಾಣಲಿಲ್ಲ. ಅವರಿಬ್ಬರೂ ಪೋಪರಿಗಾಗಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಶುರುಮಾಡಿ ಆಗಿತ್ತು.

ಆ ನೋವು ಹೊಸದೇನಲ್ಲ. ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಹೊದಿಕೆ ಎತ್ತಿದವಳು, ಎರಡು ವರ್ಷದಿಂದ ಸೊಂಟ ಮುರಿದುಕೊಂಡ ಅಮ್ಮನನ್ನು ಎತ್ತುತ್ತಿರುವವಳು. ಹರ್ನಿಯಾ ಬರದೆ ಇನ್ನೇನು ಬಂದೀತು? ಡಾಕ್ಟರು ಆಪರೇಷನ್ನಿಗೆ ಎರಡು ಸಲ ದಿನ ಕೊಟ್ಟಿದ್ದರು, ಎರಡು ಸಲವೂ ಅವಳು ಹೋಗಿರಲಿಲ್ಲ. ಈಗ ಮೂರನೆಯದು ಗೊತ್ತಾಗಿತ್ತು, ಇನ್ನು ಮೂರು ವಾರಕ್ಕೆ, ಒಂದು ಸೋಮವಾರ. "ಇದೂ ತಪ್ಪಿದ್ರೆ ನಿಮ್ಮ ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತಮ್ಮ. ಆಮೇಲೆ ಒಂದು ವರ್ಷ ಈ ಕಡೆ ತಲೆ ಹಾಕ್ಬೇಡಿ," ಅಂದಿದ್ದ ಆಸ್ಪತ್ರೆಯ ಗುಮಾಸ್ತ.

ಆಪರೇಷನ್ ಆದ ಮೇಲೆ ಒಂದೂವರೆ ತಿಂಗಳು ಒಂದು ಬಕೆಟ್ ನೀರೂ ಎತ್ತುವ ಹಾಗಿಲ್ಲ. ಅಮ್ಮನನ್ನು ಎತ್ತುವವರು ಯಾರು? ಗಂಡ ಲಿಫ್ಟ್ ರಿಪೇರಿಯವನು, ಎಲ್ಲಿ ಯಾವ ಲಿಫ್ಟು ನಿಂತರೂ ಓಡಬೇಕು. ಓಡದಿದ್ದರೂ ಪ್ರಯೋಜನವಿರಲಿಲ್ಲ. "ಅಳಿಯನ ಕೈ ಹಿಡ್ಕೊಂಡು ಕಕ್ಕಸಿಗೆ ಹೋಗೋದಕ್ಕಿಂತ ಪ್ರಾಣ ಬಿಡೋದು ವಾಸಿ," ಅಂತ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಮಗಳಿಗೆ ಹದಿನೇಳು, ಬಾಯಿಯೊಂದು ಬಿಟ್ಟರೆ ಮೈಯಲ್ಲಿ ಶಕ್ತಿ ಇಲ್ಲ. ಬೆಳಗಾದರೆ ಸುದ್ದಿ ಬಿತ್ತರಿಸುವ ಅವಳಿಗೆ ಮನೆಯಲ್ಲಿ 'ರೇಡಿಯೋ' ಅಂತಲೇ ಹೆಸರು. ಸಂಬಳಕ್ಕೆ ಬಂದ ಇಬ್ಬರು ಹೆಂಗಸರನ್ನು ಅಮ್ಮ ಒಂದೊಂದು ವಾರದಲ್ಲಿ ಓಡಿಸಿದ್ದಳು.

ಇದ್ದವನು ಒಬ್ಬ ತಮ್ಮ. ಅವನು ಇದ್ದೂ ಇಲ್ಲದವನು.

ಅವನ ಕಥೆ ಇಷ್ಟೇ. ಎಂಟು ವರ್ಷ ಪಾದ್ರಿಯಾಗಿದ್ದ. ಅಮ್ಮ ಮೂವತ್ತು ವರ್ಷ ಯಾವ ಚರ್ಚಿನ ನೆಲ ಒರೆಸಿ, ಪೀಠದ ಬಟ್ಟೆ ಮಡಿಸಿ ಮಕ್ಕಳನ್ನು ಸಾಕಿದಳೋ, ಅದೇ ಚರ್ಚಿನ ಪೀಠದ ಹಿಂದೆ ನಿಂತು ಮೊದಲ ಪೂಜೆ ಅರ್ಪಿಸಿದ್ದ. ಅವತ್ತು ಅಮ್ಮನ ಕಾಲು ನೆಲದ ಮೇಲಿರಲಿಲ್ಲ. ಎಂಟನೆಯ ವರ್ಷ ನಿಲುವಂಗಿ ಬಿಚ್ಚಿಟ್ಟು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯನ್ನು ಮದುವೆಯಾದ. ಈಗ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಾನೆ. ಅಮ್ಮ ಅವತ್ತೇ ಹೇಳಿದಳು: "ರೋಮಿನಿಂದ ಪೋಪ್ ಅಪ್ಪಣೆ ಕಾಗದ ಬರೋ ತನಕ ನೀನು ನನ್ನ ಮೇಜಿಗೆ ಕೂರೋ ಹಾಗಿಲ್ಲ." ಎಂಟು ವರ್ಷವಾಯಿತು, ಅವನು ಕೂತಿಲ್ಲ. ತಿಂಗಳಿಗೊಮ್ಮೆ ಔಷಧಿ ತಂದು ಮೆಟ್ಟಿಲ ತಿರುವಿನಲ್ಲಿ ನಿಂತು ಅಕ್ಕನ ಕೈಗೆ ಕೊಟ್ಟು ಹೋಗುತ್ತಾನೆ.

ಆ ಬೆಳಿಗ್ಗೆ ಅಮ್ಮ ಗಂಜಿಯ ಬಟ್ಟಲ ಮುಂದೆ ಕೂತು ಚಮಚ ಆಡಿಸುತ್ತಿದ್ದಳು. ಆಮೇಲೆ ಅಂದಳು: "ಹಾಗಾದ್ರೆ ಈಗ ಕುರ್ಚಿ ಖಾಲಿ."

"ಯಾವ ಕುರ್ಚಿ?"

"ಪೋಪ್ ಕುರ್ಚಿ ಕಣೇ. ಅವನಿಗೆ ಫೋನ್ ಮಾಡು. ಊಟಕ್ಕೆ ಬರೋಕೆ ಹೇಳು."

"ಯಾರಿಗಮ್ಮ?"

"ನಿಂಗೆಷ್ಟು ಜನ ತಮ್ಮಂದಿರು?"

ಅಮ್ಮ ಮಕ್ಕಳಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದಳು. ಹಿಂದೆ ಚರ್ಚಿನಲ್ಲಿ ಹಳೆಯ ಫಾದರ್‌ಗೆ ವರ್ಗವಾಗಿ ಹೊಸಬರು ಬರುವುದಕ್ಕೆ ಹತ್ತು ಹದಿನೈದು ದಿನ ಹಿಡಿಯುತ್ತಿತ್ತು. ಅಷ್ಟು ದಿನ ಬೀಗದ ಕೈ ಗೊಂಚಲು ಅಮ್ಮನ ಹತ್ತಿರವೇ ಇರುತ್ತಿತ್ತು. ಪಕ್ಕದ ಬಾಗಿಲು ಹಗಲೆಲ್ಲ ತೆರೆದಿರುತ್ತಿತ್ತು, ಮನೆಯ ಬಟ್ಟೆ ಚರ್ಚಿನ ತಾರಸಿಯ ಮೇಲೆ ಒಣಗುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಸಬರು ಬಂದು ಕೈ ಚಾಚಿದ ದಿನ ಬೀಗದ ಕೈ ಕೊಟ್ಟು, ಬಟ್ಟೆ ತೆಗೆದುಕೊಂಡು ಬಂದರಾಯಿತು.

"ಇದೂ ಹಾಗೇನೇ. ಅಪ್ಪಣೆ ಕೊಡೋರೂ ಇಲ್ಲ, ಬೇಡ ಅನ್ನೋರೂ ಇಲ್ಲ. ಹೊಸಬರು ಬರೋ ತನಕ ಬಂದು ಉಣ್ಲಿ."

"ಅತ್ತೆ, ಇದು ಯಾವ ಪುಸ್ತಕದಲ್ಲಿದೆ?" ಅಂದ ಲಿಫ್ಟಿನವನು, ಶೂ ಕಟ್ಟುತ್ತಾ.

"ನೀವು ಸುಮ್ನಿರಿ. ನೀವು ಚರ್ಚಿಗೆ ಹೋಗೋದೇ ಲಿಫ್ಟ್ ಕೆಡದೇ ಇದ್ದ ಭಾನುವಾರ."

ದೊಡ್ಡವಳು ಗಂಡನಿಗೆ ಕಣ್ಣು ಮಿಟುಕಿಸಿ ಬಾಯಿ ಮುಚ್ಚಿಸಿದಳು. ಪುಸ್ತಕದಲ್ಲಿ ಇರಲಿ ಬಿಡಲಿ, ಅವಳ ತಲೆಯಲ್ಲಿ ಆಗಲೇ ಸೋಮವಾರ ಓಡುತ್ತಿತ್ತು.

ಬುಧವಾರ ಸಂಜೆ ಏಳಕ್ಕೆ ತಮ್ಮ ಬಂದ. ಮೂರು ಮಹಡಿ ಹತ್ತಿ, ಬಾಗಿಲ ಹೊರಗೆ ಎಂಟು ವರ್ಷದ ಅಭ್ಯಾಸದಂತೆ ನಿಂತ. ರೇಡಿಯೋ ಅವನ ಕೈ ಹಿಡಿದು ಒಳಗೆ ಎಳೆದಳು. ಅಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹೊಟ್ಟೆ ಬಂದಿದೆ."

"ಹೌದಮ್ಮ. ದಿನವೆಲ್ಲ ಕೂತು ಮಾಡೋ ಕೆಲಸ."

"ನಿಂತು ಮಾಡೋ ಕೆಲಸ ಬಿಟ್ಟಿದ್ದು ನೀನೇ ಅಲ್ವಾ."

ಎಲ್ಲರೂ ತಟ್ಟೆ ನೋಡಿದರು. ಹುರಿದ ಮೀನು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ದೊಡ್ಡವಳು ಎಂದಿನಂತೆ ಒಲೆಯ ಹತ್ತಿರ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಂಡಳು. ತಮ್ಮ ಮೀನಿನ ಮುಳ್ಳು ಬಿಡಿಸಿ ಅಮ್ಮನ ತಟ್ಟೆಯ ಅಂಚಿಗಿಟ್ಟ. ಅಮ್ಮ ತಿಂದಳು. ಅವನು ಮೆಲ್ಲಗೆ, "ಅಮ್ಮ, ಮನೇಲಿ ಅವಳೂ ನಿನ್ನ ಕೇಳಿದಳು," ಅಂದ.

"ಕುರ್ಚಿ ಖಾಲಿ ಇರೋದು ನಿನಗೆ ಮಾತ್ರ. ಅವಳ ಮಾತು ಎತ್ಬೇಡ."

ಆದರೂ ಅವನು ಮರುದಿನವೂ ಬಂದ, ಅದರ ಮರುದಿನವೂ ಬಂದ. ನಾಲ್ಕನೆಯ ದಿನ ದೊಡ್ಡವಳು ಅವನಿಗೆ ಅಮ್ಮನನ್ನು ಎತ್ತುವುದನ್ನು ಕಲಿಸಿದಳು. ಮೊಣಕಾಲು ಬಗ್ಗಿಸು, ಬೆನ್ನು ಬಗ್ಗಿಸಬೇಡ, ಅಮ್ಮನ ಎಡಗಾಲು ನಿನ್ನ ಕಾಲ ಮಧ್ಯೆ ಇರಲಿ. ಅಮ್ಮ ಬೇಡ ಅನ್ನುತ್ತಾಳೇನೋ ಅಂತ ಅವಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ನಾಚಿಕೆ ಆಗಲ್ವೇನಮ್ಮ?" ತಮ್ಮನೇ ಕೇಳಿದ.

"ನಿನ್ನ ಹೇಲು ಬಳಿದೋಳು ನಾನು. ನನಗೇನೋ ನಾಚಿಕೆ? ಎತ್ತು ಸುಮ್ನೆ."

ಅವನು ಎತ್ತಿದ. ಅಮ್ಮ ಗಾಬರಿಯಿಂದ ಒಮ್ಮೆಲೇ ಕಾಲೂರಲು ಹೋದಾಗ, "ನಿಧಾನ, ನಿಧಾನ, ಕ್ಲಚ್ ಬಿಡ್ಬೇಡ," ಅಂದ. ಎಷ್ಟೋ ತಿಂಗಳ ಮೇಲೆ ಅಮ್ಮ ನಕ್ಕಳು. ದೊಡ್ಡವಳು ಸ್ನಾನದ ಮನೆಗೆ ಹೋಗಿ, ನಲ್ಲಿ ತಿರುಗಿಸಿ, ಸ್ವಲ್ಪ ಹೊತ್ತು ಸುಮ್ಮನೆ ತೊಟ್ಟಿಯ ಅಂಚಿನ ಮೇಲೆ ಕೂತಿದ್ದಳು. ಸಂಜೆ ಏಳರಿಂದ ಒಂಬತ್ತರವರೆಗೆ ಅವಳ ಸೊಂಟ ಅವಳದಾಗಿತ್ತು.

ಇನ್ನು ಉಳಿದದ್ದು ಒಂದೇ ಲೆಕ್ಕ. ಹೊಸ ಪೋಪರು ಯಾವಾಗ ಬರುತ್ತಾರೆ? ಸೋಮವಾರದೊಳಗೆ ಬಂದರೆ ಇವಳ ಕಥೆ ಮುಗಿಯಿತು. ಸೋಮವಾರ ದಾಟಿ ಒಂದೂವರೆ ತಿಂಗಳು ಎಳೆದರೆ ಬದುಕಿದಳು.

"ಒಂಬತ್ತು ದಿನ ಶೋಕ," ರೇಡಿಯೋ ಫೋನು ನೋಡಿ ವಿವರಿಸಿದಳು. "ಆಮೇಲೆ ಕಾರ್ಡಿನಲ್‌ಗಳೆಲ್ಲ ಸೇರಿ, ಬಾಗಿಲು ಹಾಕ್ಕೊಂಡು ಓಟು ಹಾಕ್ತಾರೆ. ದಿನಕ್ಕೆ ನಾಲ್ಕು ಸಲ. ಮೂರರಲ್ಲಿ ಎರಡು ಪಾಲು ಓಟು ಒಬ್ಬರಿಗೇ ಬೀಳೋ ತನಕ ಹೊರಗೆ ಬರೋ ಹಾಗಿಲ್ಲ. ಬೀಳದಿದ್ರೆ ಕಪ್ಪು ಹೊಗೆ, ಬಿದ್ರೆ ಬಿಳಿ ಹೊಗೆ."

"ಎಷ್ಟು ದಿನ ಹಿಡಿಯುತ್ತೆ?" ದೊಡ್ಡವಳು ಕೇಳಿದಳು.

"ಹಿಂದೆ ಒಂದ್ಸಲ ವರ್ಷಗಟ್ಟಲೆ ಹಿಡಿದಿತ್ತಂತೆ."

"ಹೌದಾ?" ಅವಳ ದನಿಯಲ್ಲಿದ್ದ ಆಸೆ ಕೇಳಿ ಗಂಡ ತಿರುಗಿ ನೋಡಿದ.

"ಅದು ಅಜ್ಜನ ಕಾಲದ ಅಜ್ಜನ ಕಾಲ ಅಮ್ಮ. ಈಗೆಲ್ಲ ಎರಡು ಮೂರು ದಿನ."

"ಅಷ್ಟು ಜನ ಮುದುಕರನ್ನ ಒಳಗೆ ಹಾಕಿ ಬಾಗಿಲು ಮುಚ್ಚಿದ್ರೆ ಎಷ್ಟು ದಿನ ತಡೀತಾರೆ?" ಅಂದ ಗಂಡ. "ನಮ್ಮ ಲಿಫ್ಟಲ್ಲಿ ಸಿಕ್ಕೊಂಡೋರು ಹತ್ತು ನಿಮಿಷಕ್ಕೆ ಲಬೋ ಲಬೋ ಅಂತಾರೆ."

ಅವನಿಗೊಬ್ಬನಿಗೇ ಆಪರೇಷನ್ನಿನ ವಿಷಯ ಗೊತ್ತಿದ್ದದ್ದು. ಅಮ್ಮನಿಗೆ ಹೇಳಿದರೆ ನನ್ನಿಂದ ಹೀಗಾಯಿತು ಅಂತ ಅಳುತ್ತಾಳೆ, ಅತ್ತು ಊಟ ಬಿಡುತ್ತಾಳೆ, ಬಿಟ್ಟ ಊಟ ಮತ್ತೆ ಉಣ್ಣಿಸುವವಳು ತಾನೇ. ಅದಕ್ಕೆ ಹೇಳಿರಲಿಲ್ಲ. ತಮ್ಮನಿಗೆ ಹೇಳಬೇಕು ಅಂದುಕೊಂಡಿದ್ದಳು, ಇನ್ನೂ ಹೇಳಿರಲಿಲ್ಲ.

ಶೋಕದ ದಿನಗಳು ಮುಗಿಯುತ್ತ ಬಂದ ಒಂದು ಸಂಜೆ ಅವನನ್ನು ಬೀಳ್ಕೊಡುವ ನೆಪದಲ್ಲಿ ಮೆಟ್ಟಿಲ ತಿರುವಿನವರೆಗೆ ಬಂದಳು. ಕೆಳಗಿನ ಮನೆಯವರ ಸೈಕಲ್ಲು ಅಲ್ಲಿ ಗೋಡೆಗೆ ಒರಗಿತ್ತು.

"ನಾನು ಒಂದು ಮಾತು ಹೇಳ್ತೀನಿ, ಇಲ್ಲ ಅನ್ಬೇಡ. ರೋಮಿಗೆ ಇನ್ನೊಂದ್ಸಲ ಬರಿ. ಹೊಸಬರು ಬಂದ ತಕ್ಷಣ ಬರಿ. ಬಿಷಪ್ಪರ ಕಾಲು ಬೇಕಾದ್ರೆ ನಾನೇ ಹಿಡೀತೀನಿ. ಕಾಗದ ಒಂದು ಬಂದುಬಿಟ್ರೆ ಅಮ್ಮ..."

"ಕಾಗದ ಬಂದಿದೆ ಅಕ್ಕ."

"ಏನು?"

"ಬಂದು ಮೂರು ವರ್ಷ ಆಯ್ತು. ಅಪ್ಪಣೆ ಸಿಕ್ಕಿದೆ. ನಮ್ಮ ಮದುವೇನೂ ಚರ್ಚಲ್ಲಿ ಮತ್ತೆ ಆಯ್ತು, ಇಬ್ಬರು ಸಾಕ್ಷಿ ಕರ್ಕೊಂಡು."

ದೊಡ್ಡವಳಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು, ಅರ್ಥವಾದದ್ದೇ ತಡ ಮೈಯೆಲ್ಲ ಉರಿಯಿತು.

"ಮೂರು ವರ್ಷ! ಮೂರು ವರ್ಷ ಅದನ್ನ ಪೆಟ್ಟಿಗೇಲಿ ಇಟ್ಕೊಂಡು ಪೂಜೆ ಮಾಡ್ತಿದ್ಯಾ? ಅಮ್ಮನ ಮುಖಕ್ಕೆ ಯಾಕೆ ಹಿಡೀಲಿಲ್ಲ?"

"ಅಮ್ಮ ನನ್ನ ಮುಖ ನೋಡಿ ಊಟಕ್ಕೆ ಕರೀಬೇಕಿತ್ತು ಅಕ್ಕ, ಕಾಗದ ನೋಡಿ ಅಲ್ಲ. ನಾನೇನು ಜೈಲಿಂದ ಬಂದೋನಾ, ಬಿಡುಗಡೆ ಪತ್ರ ತೋರಿಸಿ ಒಳಗೆ ಬರೋಕೆ?"

"ಅಯ್ಯೋ ನಿನ್ನ ಅಭಿಮಾನಕ್ಕಿಷ್ಟು ಬೆಂಕಿ ಹಾಕ! ಅಮ್ಮ ಬಿದ್ದು ಎರಡು ವರ್ಷ ಆಯ್ತು. ನೀನು ಮೇಲೆ ಬಂದಿದ್ರೆ, ದಿನಕ್ಕೆ ಒಂದು ಸಲ, ಒಂದೇ ಸಲ ಎತ್ತಿದ್ರೂ..." ಅವಳು ಮೆಟ್ಟಿಲ ಕಡೆ ತಿರುಗಿದಳು. "ನಾನೇ ಹೇಳ್ತೀನಿ ಅಮ್ಮನಿಗೆ. ಈಗಲೇ."

"ಹೇಳಿದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತಲ್ಲ." ಅವನು ಗೋಡೆ ನೋಡುತ್ತಾ ಅಂದ. "ಈಗ ಕರೆದಿದ್ದಾಳೆ ನೋಡು. ಏನೋ ಒಂದು ತಪ್ಪು ತಿಳ್ಕೊಂಡು ಕರೆದಿದ್ದಾಳೆ, ಆದ್ರೂ ಕಾಗದ ಇಲ್ದೇ ಕರೆದಿದ್ದಾಳೆ. ಅದೊಂದು ನನಗಿರಲಿ."

ಅವನು ಇಳಿದು ಹೋದ. ಮೇಲೆ ಹತ್ತಲು ಕಾಲೆತ್ತಿದಾಗಲೇ ಅವಳಿಗೆ ನೋವು ಬಂತು. ಕಿಬ್ಬೊಟ್ಟೆಗೆ ಕೈ ಒತ್ತಿ ಹಿಡಿದು ಸೈಕಲ್ಲಿನ ಸೀಟಿಗೆ ಒರಗಿದಳು. ಹೇಳಿದರೆ ತಮ್ಮ ಹೋಗುತ್ತಾನೆ. ಹೇಳದಿದ್ದರೆ ಹೊಸ ಪೋಪರು ಬಂದ ದಿನ ಅಮ್ಮ ಕಳಿಸುತ್ತಾಳೆ. ಅತ್ತ ದರಿ ಇತ್ತ ಪುಲಿ ಅನ್ನುವ ಸ್ಥಿತಿಯಲ್ಲಿ ನಿಂತಿದ್ದವಳಿಗೆ ಮೇಲಿಂದ ಅಮ್ಮನ ದನಿ ಕೇಳಿಸಿತು. "ಏನೇ, ಬೀದಿಗೇ ಬಿಟ್ಟು ಬರೋಕೆ ಹೋದ್ಯಾ? ನನಗೆ ಮಲಗ್ಬೇಕು."

ಅವಳು ಮೇಲೆ ಹೋಗಿ ಅಮ್ಮನನ್ನು ಎತ್ತಿ ಮಲಗಿಸಿದಳು.

ಮತದಾನ ಶುರುವಾದದ್ದು ಬುಧವಾರ, ಇವಳ ಸೋಮವಾರಕ್ಕೆ ಐದೇ ದಿನ ಮುಂಚೆ. ಇಸ್ತ್ರಿ ವಿಭಾಗದಲ್ಲಿ ಮೇಲ್ವಿಚಾರಕಿಯೇ ತನ್ನ ಫೋನನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಹೊಗೆ ಬರುವ ರೋಮಿನ ಚಿಮಣಿ ತೋರಿಸಿದ್ದಳು. ಒದ್ದೆ ಹೊದಿಕೆಗಳು ಬಿಸಿ ಉರುಳೆಯ ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಹೊಗೆಯಾಡುತ್ತ ಬರುತ್ತಿದ್ದವು. ಆ ಕಡೆ ದೊಡ್ಡವಳೂ ಅವಳ ಜೊತೆಗಾತಿಯೂ ಎರಡೆರಡು ಮೂಲೆ ಹಿಡಿದು, ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಮಡಿಸಿ ಒಟ್ಟುತ್ತಿದ್ದರು. ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಹೊಗೆ ಬಂತು. ಕಪ್ಪು.

"ಛೇ!" ಅಂದರು ಎಲ್ಲರೂ.

"ದೇವರು ದೊಡ್ಡವನು," ಅಂದುಬಿಟ್ಟಳು ದೊಡ್ಡವಳು. ಜೊತೆಗಾತಿ ಕಣ್ಣು ಬಿಟ್ಟು ನೋಡಿದಳು.

"ಅಲ್ಲ, ಯೋಚ್ನೆ ಮಾಡಿ ಆರಿಸ್ತಿದ್ದಾರಲ್ಲ, ಅದಕ್ಕೆ ಅಂದೆ."

ಅವತ್ತು ಬಸ್ಸಿನಲ್ಲಿ ಮನೆಗೆ ಬರುತ್ತ ಅವಳು ಜಪಸರ ತೆಗೆದಳು. ಇಡೀ ಲೋಕ ಬೇಗ ಬರಲಿ ಅಂತ ಪ್ರಾರ್ಥಿಸುತ್ತಿದ್ದರೆ ಇವಳೊಬ್ಬಳು ತಡವಾಗಲಿ ಅಂತ ಒಂದೊಂದು ಮಣಿಗೂ ಬೇಡಿಕೊಂಡಳು. ನಮೋ ಮರಿಯ, ಅವರಲ್ಲಿ ಒಮ್ಮತ ಬಾರದಿರಲಿ. ನಮೋ ಮರಿಯ, ಯಾರಿಗಾದರೂ ಸಣ್ಣಗೆ ನೆಗಡಿ ಜ್ವರ ಬಂದು ಒಂದು ವಾರ ಮುಂದೆ ಹೋಗಲಿ. ಪಾಪ ಅನ್ನಿಸಿತು. ಪಾಪವೇ ಆಗಲಿ, ಆಪರೇಷನ್ ಆದಮೇಲೆ ಫಾದರ್ ಹತ್ತಿರ ಪಾಪ ನಿವೇದನೆ ಮಾಡಿಕೊಂಡರಾಯಿತು ಅಂದುಕೊಂಡಳು.

ಗುರುವಾರ ಮಧ್ಯಾಹ್ನದ ಹೊಗೆಯೂ ಕಪ್ಪು. ಅವಳ ಜೀವ ಒಂಚೂರು ತಣ್ಣಗಾಯಿತು. ಸಂಜೆ ಐದೂವರೆಗೆ, ಮಕ್ಕಳ ವಾರ್ಡಿನ ಪುಟ್ಟ ಹೊದಿಕೆಗಳನ್ನು ಒಟ್ಟುತ್ತಿರುವಾಗ, ಮೇಲ್ವಿಚಾರಕಿ ಕಿರುಚಿದಳು.

"ಬಿಳೀದು! ಬಿಳೀದು ಕಣ್ರೇ!"

ಯಾರೋ ಉರುಳೆಯ ಯಂತ್ರ ನಿಲ್ಲಿಸಿದರು. ಇಪ್ಪತ್ತು ವರ್ಷದಲ್ಲಿ ಪಾಳಿಯ ಮಧ್ಯೆ ಆ ಯಂತ್ರ ನಿಂತದ್ದನ್ನು ದೊಡ್ಡವಳು ನೋಡಿರಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಪೂಜೆಗೆ ಎಂದೂ ಹೋಗದವಳೂ ಕಣ್ಣೊರೆಸಿಕೊಂಡಳು. ಜೊತೆಗಾತಿ ಬಂದು ಇವಳ ಗಲ್ಲ ಹಿಡಿದಳು.

"ಅಯ್ಯೋ, ನೀನೂ ಅಳ್ತಿದ್ದೀಯ! ಖುಷಿಗಾ?"

"ಹೂಂ," ಅಂದಳು ದೊಡ್ಡವಳು. "ಖುಷಿಗೆ."

ಮನೆ ಮುಟ್ಟಿದಾಗ ಏಳು ದಾಟಿತ್ತು. ತಮ್ಮ ಆಗಲೇ ಬಂದು ಮೇಜಿಗೆ ಕೂತಿದ್ದ. ಗಂಡ ಮೊಟ್ಟೆ ಬೇಯಿಸಿ, ಅನ್ನ ಮಾಡಿ, ಕೋಳಿಯ ತುಂಡುಗಳನ್ನು ಬಾಣಲೆಯಲ್ಲಿ ಬಿಸಿ ಮಾಡಿಟ್ಟಿದ್ದ. ಯಾರೂ ತಟ್ಟೆಗೆ ಬಡಿಸಿಕೊಂಡಿರಲಿಲ್ಲ. ಟೀವಿಯಲ್ಲಿ ಜನಸಾಗರ. ಕೆಂಪು ಪರದೆ ಸರಿಯಿತು, ಬಿಳಿ ಬಟ್ಟೆಯ ಮುದುಕರೊಬ್ಬರು ಬಾಲ್ಕನಿಗೆ ಬಂದು ನಿಂತರು. ಅವರೂ ತುಂಬ ದಣಿದವರ ಹಾಗೆ ಕಂಡರು.

"ಒಳ್ಳೇ ಮುಖ," ಅಂದಳು ಅಮ್ಮ.

"ಅಜ್ಜಿ, ಇವರು ಕಾನೂನು ಓದಿದೋರಂತೆ, ಅವರ ತಾಯಿ..."

"ಶ್! ಆಶೀರ್ವಾದ ಮಾಡ್ತಾರೆ."

ಅಮ್ಮ ತಲೆ ಬಗ್ಗಿಸಿ, ಶಿಲುಬೆಯ ಗುರುತು ಹಾಕಿಕೊಂಡು, ಹಣೆಗೆ ಕೈ ಒತ್ತಿಕೊಂಡು ಆಶೀರ್ವಾದ ತೆಗೆದುಕೊಂಡಳು. ಟೀವಿಯಲ್ಲಿ ಗಂಟೆಗಳು ಮೊಳಗಿದವು. ಅಮ್ಮ ರೇಡಿಯೋಗೆ ಅದನ್ನು ಆರಿಸಲು ಹೇಳಿ, ಮಗನ ಕಡೆ ತಿರುಗಿದಳು. ಮುಖ ನೋಡಲಿಲ್ಲ, ಅವನ ಅಂಗಿಯ ಗುಂಡಿ ನೋಡಿದಳು.

"ಆಯ್ತು. ಹೊಸಬರು ಬಂದ್ರು. ಎದ್ದೇಳು."

"ಅಜ್ಜೀ!" ರೇಡಿಯೋ ಕೂಗಿದಳು. "ಉಂಡಾದ್ರೂ ಹೋಗ್ಲಿ!"

"ಮಾತು ಅಂದ್ರೆ ಮಾತು."

ತಮ್ಮ ಎದ್ದ. ಬಾಗಿಲ ಹತ್ತಿರ ಹೋಗಿ ಒಂದು ಕಾಲಿಗೆ ಶೂ ಹಾಕಿದ. ಇನ್ನೊಂದಕ್ಕೆ ಬಗ್ಗಿದಾಗ ದೊಡ್ಡವಳ ಬಾಯಿಂದ ಮಾತು ತಾನಾಗಿ ಬಿತ್ತು.

"ಅವನಿಗೆ ಕಾಗದ ಬಂದಿದೆ ಅಮ್ಮ. ಬಂದು ಮೂರು ವರ್ಷ ಆಗಿದೆ."

"ಅಕ್ಕಾ!"

"ಹತ್ತಬೇಡ ಹೋಗೋ ಮೆಟ್ಟಿಲು! ಹೇಗೂ ಹೋಗ್ತಾ ಇದ್ದೀಯಲ್ಲ!"

ಅಮ್ಮ ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸರಿಮಾಡಿದಳು. ಒಂದು ಸಲ, ಎರಡು ಸಲ.

"ಗೊತ್ತು," ಅಂದಳು.

ಶೂಗೆ ಬಗ್ಗಿದ್ದ ತಮ್ಮ ನೆಟ್ಟಗಾದ.

"ಮೂರು ವರ್ಷದ ಹಿಂದೆ ಒಂದು ದಿನ ಪೂಜೆ ಮುಗಿದ ಮೇಲೆ ಫಾದರ್ ಹೇಳಿದ್ರು. ಜ್ಞಾನಸ್ನಾನದ ಪುಸ್ತಕದಲ್ಲಿ ಇವನ ಹೆಸರಿನ ಪಕ್ಕ ಅಪ್ಪಣೆ ಬಂದಿದ್ದು, ಮದುವೆ ಆಗಿದ್ದು ಎಲ್ಲ ಬರೆದಾಗಿದೆ ಅಂತ. ಆಗಿನಿಂದ ಗೊತ್ತು."

"ಗೊತ್ತಿದ್ದೂ ಸುಮ್ನಿದ್ಯಾ?" ತಮ್ಮನ ದನಿ ಒಡೆಯಿತು.

"ನೀನು ಬಂದು ಹೇಳ್ತೀಯ ಅಂತ ಕಾದೆ. ಹೆತ್ತೋಳಿಗೆ ಬಂದು ಹೇಳೋಕೆ ನಿನಗೇನೋ ಧಾಡಿ? ನಾನು ಎದ್ದು ಓಡಾಡ್ತಿದ್ದಾಗ ಒಂದು ವರ್ಷ ಬಾಗಿಲಿಗೆ ಬಂದು ಬಂದು ನೋಡಿದೆ. ಆಮೇಲೆ ಬಿದ್ದೆ. ಬಿದ್ದೋಳು, ಕೈಲಾಗದೋಳು, ಈಗ ಬೇಕಾಯ್ತು ಅಂತ ಕರೆದಳು ಅನ್ಸಿಕೊಳ್ಳೋಕೆ ಇಷ್ಟ ಇರಲಿಲ್ಲ. ಪೋಪ್ ತೀರ್ಕೊಂಡ್ರಲ್ಲ, ಒಂದು ನೆಪ ಸಿಕ್ತು. ಇವತ್ತು ಎದ್ದೇಳು ಅಂದಾಗಲಾದ್ರೂ ಕಾಗದ ಇದೆ ಅಂತೀಯೇನೋ ಅಂದ್ಕೊಂಡೆ."

"ಹಾಗಾದ್ರೆ ಕುರ್ಚಿ ಖಾಲಿ ಅಂದಿದ್ದು?" ತಮ್ಮ ಕೇಳಿದ.

"ಮೂವತ್ತು ವರ್ಷ ಚರ್ಚಲ್ಲಿ ದುಡಿದಿದ್ದೀನಿ. ನಾನೇನು ದಡ್ಡಿನಾ?"

ದೊಡ್ಡವಳಿಗೆ ನಗು ಬಂತು. ಅದು ನಗು ಅಂತ ಮೊದಲು ಅನ್ನಿಸಿತು, ಬಾಯಿಂದ ಹೊರಗೆ ಬಿದ್ದ ಮೇಲೆ ಬೇರೆ ಏನೋ ಆಗಿತ್ತು.

"ಇವನು ನೀನು ಕರೀಲಿ ಅಂತ ಕಾದ. ನೀನು ಇವನು ಬರ್ಲಿ ಅಂತ ಕಾದೆ. ಇಬ್ಬರೂ ಆರಾಮಾಗಿ ಕೂತ್ಕೊಂಡು ಕಾದ್ರಿ. ಮಧ್ಯದಲ್ಲಿ ಎತ್ತಿದೋಳು ಯಾರು? ನಿನಗೊಬ್ಬ ಮಗನ್ನ ಊಟಕ್ಕೆ ಕರೆಯೋಕೆ ರೋಮಲ್ಲಿ ಪೋಪ್ ಸಾಯ್ಬೇಕಾಯ್ತಾ ಅಮ್ಮ?"

"ಏನೇ ಹಾಗೆ ಕಿರುಚ್ತೀಯ..."

"ಕಿರುಚ್ತೀನಿ! ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ, ಎರಡು ವರ್ಷ. ನನ್ನ ಹೊಟ್ಟೆ ಹರಿದು ಹೋಗಿದೆ ಅಮ್ಮ. ಹರ್ನಿಯಾ. ಎರಡು ಸಲ ಆಪರೇಷನ್ ತಪ್ಪಿಸ್ಕೊಂಡೆ, ನಿನ್ನ ಎತ್ತೋರಿಲ್ಲ ಅಂತ. ಸೋಮವಾರ ಮೂರನೇದು. ಇನ್ನು ನನ್ನ ಕೈಲಿ ಆಗಲ್ಲ. ನೀವಿಬ್ಬರೂ ನಿಮ್ಮ ಮರ್ಯಾದೆ ಇಟ್ಕೊಂಡು ಏನಾದ್ರೂ ಮಾಡ್ಕೊಳ್ಳಿ, ನನ್ನ ಕೈಲಿ ಆಗಲ್ಲ."

ಅಷ್ಟು ಹೇಳಿ ಅವಳು ಎಂದಿನಂತೆ ಒಲೆಯ ಹತ್ತಿರ ಹೋಗಲಿಲ್ಲ. ಚೀಲವನ್ನು ನೆಲದ ಮೇಲೆ ಬಿಟ್ಟು, ಮೇಜಿನ ಮುಂದೆ ಕೂತು, ಎದುರಿಗಿದ್ದ ಖಾಲಿ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

"ನನಗೆ ಹಸಿವಾಗಿದೆ," ಅಂದಳು. "ಯಾರಾದ್ರೂ ಬಡಿಸಿ."

ಗಂಡ ಸೌಟಿಗೆ ಕೈ ಹಾಕಿದ. ಅಮ್ಮ ಬೇಡ ಅಂತ ಕೈ ಎತ್ತಿದಳು. ಬಾಗಿಲ ಹತ್ತಿರ ಒಂದು ಶೂನಲ್ಲಿ ನಿಂತಿದ್ದ ಮಗನ ಕಡೆ ನೋಡಿದಳು, ಈ ಸಲ ಮುಖವನ್ನೇ ನೋಡಿದಳು.

"ಶೂ ಬಿಚ್ಚು. ಬಂದು ನನ್ನ ಎತ್ತು."

ಅವನು ಬಂದ. ಮೊಣಕಾಲು ಬಗ್ಗಿಸಿ, ಬೆನ್ನು ಬಗ್ಗಿಸದೆ, ಅಕ್ಕ ಕಲಿಸಿದ ಹಾಗೇ ಎತ್ತಿ ನಿಲ್ಲಿಸಿದ. ಅಮ್ಮ ಒಂದು ಕೈಯಿಂದ ಅವನ ತೋಳು ಹಿಡಿದು, ಇನ್ನೊಂದರಿಂದ ಸೌಟು ತೆಗೆದುಕೊಂಡು, ಮಗಳ ತಟ್ಟೆಗೆ ಅನ್ನ ಬಡಿಸಿದಳು. ಅರ್ಧ ಮೇಜಿನ ಮೇಲೆ ಚೆಲ್ಲಿತು. ಯಾರೂ ಒರೆಸಲಿಲ್ಲ. ಆಮೇಲೆ ಕೋಳಿಯ ಒಂದು ತುಂಡು ಹಾಕಿದಳು. ದೊಡ್ಡವಳು ತಲೆ ಎತ್ತದೆ ತಿನ್ನತೊಡಗಿದಳು. ಅವಳ ಮೂಗು ಸೋರುತ್ತಿತ್ತು.

"ಸೋಮವಾರ ಎಷ್ಟೊತ್ತಿಗೆ ಅಕ್ಕ?" ತಮ್ಮ ಕೇಳಿದ.

"ಬೆಳಿಗ್ಗೆ ಆರೂವರೆಗೆ ಅಲ್ಲಿರ್ಬೇಕು."

"ಐದಕ್ಕೆ ಬರ್ತೀನಿ. ಪಾಠಕ್ಕೆಲ್ಲ ರಜೆ ಹಾಕ್ತೀನಿ."

"ಒಬ್ಬನೇ ಏನು ಮಾಡ್ತೀಯ?" ಅಮ್ಮ ಗೊಣಗಿದಳು. "ನನಗೆ ಸ್ನಾನ ಮಾಡಿಸೋಕೆ ಒಂದು ಹೆಂಗಸು ಬೇಡವಾ? ಅವಳನ್ನೂ ಕರ್ಕೊಂಡು ಬಾ. ಬಿಸಿ ನೀರು ಜಾಸ್ತಿ ಹಾಕಿದ್ರೆ ಬೈತೀನಿ ಅಂತ ಮೊದಲೇ ಹೇಳಿರು."

ತಮ್ಮ ಹೂಂ ಅಂದ. ಅಮ್ಮನ ಕಾಲು ಸೋಲುತ್ತಿತ್ತು, ಆದರೂ ಕೂರಲೊಲ್ಲಳು. ಸೌಟನ್ನು ಬಾಣಲೆಯೊಳಗೆ ಆಡಿಸಿ ಇನ್ನೊಂದು ತುಂಡು ಹುಡುಕಿದಳು, ಮೂಳೆ ಕಡಿಮೆ ಇದ್ದದ್ದು. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಆ ತುಂಡು ಅಪ್ಪನಿಗೆ, ಆಮೇಲೆ ಪಾದ್ರಿ ಮಗನಿಗೆ, ಆಮೇಲೆ ಅಳಿಯನಿಗೆ, ಆಮೇಲೆ ಮೊಮ್ಮಗಳಿಗೆ ಹೋಗುತ್ತಿತ್ತು.

"ಇದೂ ನಿನಗೇ," ಅಂದಳು ಅಮ್ಮ.

ದೊಡ್ಡವಳು ಬೇಡ ಅನ್ನಲಿಲ್ಲ.